ಸೋಂಕಪ್ಪನ ತಿಳಿನೀರು

ಆ ದಿನ ಬೆಳಿಗ್ಗೆ ಸೋಂಕಪ್ಪ ಪ್ರಯೋಗಾಲಯದ ತನ್ನ ಕೋಣೆಯ ಬೀಗ ತೆಗೆದಾಗ, ಮುನ್ನಾದಿನ ಸಂಜೆ ಹಚ್ಚಹಸಿರಾಗಿದ್ದ ಗಾಜಿನ ಜಾಡಿಯ ನೀರು ಹಿಂದಿನ ಗೋಡೆ ಕಾಣುವಷ್ಟು ತಿಳಿಯಾಗಿತ್ತು. ನಡೆದದ್ದು ಅಷ್ಟೇ.

ಕಡಲಿನಲ್ಲಿ ತೇಲುವ, ಕಣ್ಣಿಗೆ ಕಾಣದ ಪಾಚಿಗೂ ವೈರಸ್ ತಗಲುತ್ತದೆ. ಅದು ಕಳ್ಳನಂತೆ ಪಾಚಿಯ ಒಡಲು ಹೊಕ್ಕು, ಅಲ್ಲೇ ಸಂಸಾರ ಹೂಡಿ, ಮಕ್ಕಳುಮರಿ ಹೆಚ್ಚಿದ ಮೇಲೆ ಮನೆಯನ್ನೇ ಒಡೆದು ಹೊರಬರುತ್ತದೆ. ಹಾಗೆಂದು ಅವನು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದ. ಅದನ್ನು ಹಿಡಿಯಲು ಕಡಲ ನೀರನ್ನು ಸೋಸಿ ಸೋಸಿ ಜಾಡಿಯ ಹಸಿರು ಪಾಚಿಗೆ ಬೆರೆಸಿದ್ದ. ಪಾಚಿ ಮಾತ್ರ ಅಜ್ಜಿಮನೆಗೆ ಹೋದ ಮೊಮ್ಮಗನಂತೆ ಮೈದುಂಬಿಕೊಳ್ಳುತ್ತಿತ್ತು. ಬೇಸತ್ತ ನಿರ್ದೇಶಕರು, ಆ ಮಧ್ಯಾಹ್ನ ತಾವೇ ಬಂದು ನೋಡುವುದಾಗಿಯೂ, ಪಾಚಿ ಇನ್ನೂ ಬದುಕಿದ್ದರೆ ಅವನು ಕೋಣೆಯನ್ನೂ ಕೆಲಸವನ್ನೂ ಬಿಟ್ಟು ಹೊರಡಬೇಕೆಂದೂ ಹೇಳಿದ್ದರು.

ಈಗ ಪಾಚಿ ಸತ್ತಿತ್ತು. ಸೋಂಕಪ್ಪ ಜಾಡಿಯ ಮುಂದೆ ಕುಳಿತು, ಸಂತೋಷ ತಡೆಯಲಾರದೆ ಬಿಕ್ಕಿ ಬಿಕ್ಕಿ ಅತ್ತ.

ಅಳು ಕೇಳಿ ಗುಮಾಸ್ತ ಬಂದ, ಕಾವಲುಗಾರ ಬಂದ. ಸೋಂಕಿನ ಕೆಲಸವೆಂದರೆ ಸೋಂಕು ವಾಸಿಮಾಡುವ ಕೆಲಸವೆಂದೇ ಆ ಕಟ್ಟಡದಲ್ಲಿ ಎಲ್ಲರ ನಂಬಿಕೆ. ಕೈಯಲ್ಲಿ ರೋಗಿ ಹೋದ ವೈದ್ಯನನ್ನು ನೋಡುವಂತೆ ಇಬ್ಬರೂ ಅವನನ್ನು ನೋಡಿದರು.

“ಹೋದೋರು ಪುಣ್ಯವಂತರು ಸಾರ್, ಇರೋರು ಧೈರ್ಯ ತಂದ್ಕೋಬೇಕು,” ಎಂದ ಕಾವಲುಗಾರ.

ಸಾಯಲಿ ಎಂದೇ ತಾನು ಇಷ್ಟು ವರ್ಷ ಕಾದದ್ದು ಎಂದು ಸೋಂಕಪ್ಪ ಕಣ್ಣೊರೆಸಿಕೊಂಡು ವಿವರಿಸಿದ. ದುಃಖ ತಲೆಗೇರಿದೆ ಎಂದು ಗುಮಾಸ್ತ ಕಣ್ಸನ್ನೆ ಮಾಡಿದ. ಇಬ್ಬರೂ ಅವನ ರಟ್ಟೆ ಹಿಡಿದು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಬೇಡ ಬೇಡವೆಂದರೂ ತಲೆಗೆ ತಣ್ಣೀರು ತಟ್ಟಿದರು.

ಅಷ್ಟರಲ್ಲಿ ಪಕ್ಕದ ಕೋಣೆಯ ದೊಡ್ಡಕ್ಕ ಜಾಡಿಯನ್ನು ನೋಡಿಬಿಟ್ಟರು. ಅದೇ ಪಾಚಿಯನ್ನು ತೊಟ್ಟಿಗಟ್ಟಲೆ ಬೆಳೆಸಿ ಸಿಂಪಿ ಎಂಬ ಕಡಲಚಿಪ್ಪಿನ ಮರಿಗಳಿಗೆ ಉಣಿಸುವವರು ಅವರು. ಆ ಕಸುಬಿನಲ್ಲಿ ತಿಳಿನೀರಿಗಿಂತ ದೊಡ್ಡ ಅವಮಾನವಿಲ್ಲ. ತಮ್ಮನಂಥವನ ಮಾನ ಹೋಗಬಾರದೆಂದು ಅವರು ತಮ್ಮ ಜಗ್ ತಂದು ಸತ್ತ ನೀರನ್ನು ಮೊಗೆದು ಚೆಲ್ಲಿದರು. ಅದೇ ಜಗ್ಗನ್ನು ತೊಟ್ಟಿ ತೊಟ್ಟಿಗೂ ಅದ್ದಿ, ಎಲ್ಲಕ್ಕಿಂತ ದಟ್ಟವಾದ ಹಸಿರು ಯಾವುದೆಂದು ನೋಡಿ, ಜಾಡಿ ತುಂಬಿಸಿದರು.

ಮಧ್ಯಾಹ್ನ ನಿರ್ದೇಶಕರು ಬಂದಾಗ ಜಾಡಿ ಎಳೆ ಗರಿಕೆಯಂತೆ ನಗುತ್ತಿತ್ತು. ಸೋಂಕಪ್ಪ ಜಾಡಿಯನ್ನು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದ. ಬಾಗಿಲಲ್ಲಿ ನಿಂತ ದೊಡ್ಡಕ್ಕ, ಹೆದರಬೇಡ ಎಂಬಂತೆ ಕಣ್ಣು ಮಿಟುಕಿಸಿದರು.

“ನಾಳೆ ಬೆಳಿಗ್ಗೆ ತನಕ ಟೈಮ್ ಕೊಡಿ ಸಾರ್,” ಎಂದ ಸೋಂಕಪ್ಪ, ದೊಡ್ಡಕ್ಕನ ಹೆಸರೆತ್ತದೆ.

“ನಿಮ್ಮ ನಾಳೆಗಳನ್ನ ನೋಡಿ ನೋಡಿ ನನ್ನ ತಲೆ ನರೆತುಹೋಯ್ತು ಕಣ್ರೀ. ಬೀಗದಕೈ ಕೊಟ್ಟು ಹೊರಡಿ.”

ಸಾಮಾನು ಕಟ್ಟಿಕೊಂಡು, ಮರುದಿನ ಬೆಳಿಗ್ಗೆ ಬೀಗದಕೈ ಒಪ್ಪಿಸಲು ಬಂದ ಸೋಂಕಪ್ಪನಿಗೆ ಪಕ್ಕದ ಕೋಣೆಯ ಮುಂದೆ ಜನ ಕಂಡರು. ಒಳಗೆ ಒಂದೊಂದು ತೊಟ್ಟಿಯೂ ತಳ ಕಾಣುವಷ್ಟು ತಿಳಿ. ಅವನ ಜಾಡಿಯೂ ಹಾಗೆಯೇ. ಬೋರಲು ಹಾಕಿದ ಬಕೆಟ್ಟಿನ ಮೇಲೆ ದೊಡ್ಡಕ್ಕ ಕುಳಿತಿದ್ದರು. ಜಗ್ಗಿನ ಕತೆಯನ್ನು ಆಗಲೇ ಒಪ್ಪಿಕೊಂಡಾಗಿತ್ತು.

ನಿರ್ದೇಶಕರು ಸೋಂಕಪ್ಪನ ಕೈ ಹಿಡಿದು ಕುಲುಕಿದರು. “ನಿಮ್ಮ ವೈರಸ್ ಇದೆ. ನಾನೇ ನಂಬಲಿಲ್ಲ. ತಪ್ಪಾಯ್ತು.”

ಸೋಂಕಪ್ಪನ ಎದೆ ಅರಳಿತು. “ಹಾಗಾದ್ರೆ ಕೋಣೆ, ಸಾರ್?”

“ಒಂದು ಜಗ್‌ನಲ್ಲಿ ಇಷ್ಟು ಮಾಡಿದೆ. ಇದನ್ನ ಪಾಚಿ ಬೆಳೆಯೋ ಕಟ್ಟಡದಲ್ಲಿ ಇಟ್ಕೊಂಡು ಬಾಳೋಕಾಗುತ್ತಾ ಹೇಳಿ? ಬ್ಲೀಚಿಂಗ್ ಪೌಡರ್ ತರ್ಸಿದೀನಿ. ನಿಮ್ಮ ಜಾಡಿಯಿಂದಲೇ ಶುರು ಮಾಡ್ತೀವಿ.”

ಗುಮಾಸ್ತ ಸೋಂಕಪ್ಪನನ್ನು ಅಭಿನಂದಿಸಿದ, ಕಾವಲುಗಾರ ಬೆನ್ನು ತಟ್ಟಿದ. ಅವನು ಹೋಗಿ ದೊಡ್ಡಕ್ಕನ ಪಕ್ಕದಲ್ಲಿ ನೆಲದ ಮೇಲೆ ಕುಳಿತ. ಇಬ್ಬರೂ ಆ ತಿಳಿನೀರನ್ನೇ ನೋಡುತ್ತಿದ್ದರು.

“ಕೋಣೆ ಉಳೀತೇನಪ್ಪಾ?”

“ಇಲ್ಲ ಅಕ್ಕಾ.”

“ಹಂಗಾದ್ರೆ,” ಎಂದರು ದೊಡ್ಡಕ್ಕ, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ, “ಇವೆಲ್ಲ ಯಾತಕ್ಕೆ ಸತ್ತವು?”