ಹಲಗೆಯ ಪಕ್ಕದ ಕನ್ನಡಿ

ಶಿಸ್ತೆಂಬುದು ಕಿವಿಯಿಂದ ನಡೆಯುತ್ತದೆ ಎಂದು ತಿಳಿದವನು ನಾನು. ಗಂಟೆ ಬಾರಿಸಿದರೆ ಸಾಲು, ಬೆತ್ತ ಮೇಜಿಗೆ ತಾಗಿದರೆ ಮೌನ. ಲಿಂಗಸುಗೂರಿನಲ್ಲಿ ಹದಿನೆಂಟು ವರ್ಷ ಹೀಗೇ ಕಳೆದೆ. ಹಲಗೆಯ ಮೇಲೆ ಬರೆಯುತ್ತಲೇ, ತಿರುಗದೆ, ಮಾತಾಡಿದವನ ಹೆಸರು ಹಿಡಿದು ಎಬ್ಬಿಸುತ್ತಿದ್ದೆ. ನನಗೆ ಬೆನ್ನಿನಲ್ಲೂ ಕಣ್ಣಿದೆ ಎಂದು ಹುಡುಗರು ನಂಬಿದ್ದರು. ಇದ್ದದ್ದು ಎರಡು ಕಿವಿ, ಅಷ್ಟೇ.

ಎಂಬತ್ತರ ದಶಕದ ಕೊನೆಗೆ, ಆರು ತಿಂಗಳ ತರಬೇತಿ ಕೊಟ್ಟು, ನನ್ನನ್ನು ಸಿಂಧನೂರಿನ ಕಿವುಡ ಮಕ್ಕಳ ಶಾಲೆಗೆ ಹಾಕಿದರು. ಮೊದಲ ದಿನವೇ ಅಭ್ಯಾಸಬಲದಿಂದ ಗಂಟೆ ಬಾರಿಸಲು ಹೇಳಿದೆ. ಜವಾನ ಮಹಿಬೂಬ, "ಬಾರಿಸ್ತೀನ್ರೀ ಸರ. ಯಾರಿಗೆ, ನಿಮಗಾ ನನಗಾ?" ಎಂದ. ಒಳಗೆ ಹದಿನಾಲ್ಕು ಮಕ್ಕಳು. ನಾನು ಹಲಗೆಗೆ ತಿರುಗಿದ ಕೂಡಲೇ ಇಪ್ಪತ್ತೆಂಟು ಕೈಗಳು ಹರಟೆಗೆ ತೊಡಗುತ್ತಿದ್ದವು. ಈಚೆ ತಿರುಗಿದರೆ ಎಲ್ಲವೂ ಮಡಿಲಲ್ಲಿ. ಕೈಸನ್ನೆ ಕೂಡದು, ತುಟಿ ನೋಡಿ ಮಾತು ಕಲಿಯಬೇಕು ಎಂಬುದು ನಮ್ಮ ಶಾಲೆಯ ನಿಯಮ. ದವಡೆ ನೋಯುವವರೆಗೆ 'ರೊಟ್ಟಿ, ರೊಟ್ಟಿ' ಎಂದರೂ, ಸಂತೆಕಲ್ಲೂರಿನ ದೇವಮ್ಮನಂಥ ಜಾಣೆ ಕೂಡ ಚೆಂಡಿನ ಚಿತ್ರ ತೋರಿಸುತ್ತಿದ್ದಳು.

ಕೊನೆಗೆ ಮಸ್ಕಿಯ ಸಂತೆಯಿಂದ, ಕ್ಷೌರದಂಗಡಿಯಲ್ಲಿರುತ್ತದಲ್ಲ, ಅಂಥ ದೊಡ್ಡ ಕನ್ನಡಿ ತಂದು ಹಲಗೆಯ ಪಕ್ಕ ತೂಗುಹಾಕಿದೆ. ಬರೆಯುತ್ತಲೇ ಹಿಂದಿನ ಕೈಗಳನ್ನು ಕಾಯುವ ಯೋಜನೆ. ಮೊದಲು ಕಾಣದೆ ನಡೆಯುತ್ತಿದ್ದ ಹರಟೆ ಈಗ ಕಾಣುವಂತೆ ನಡೆಯಿತು, ಲಾಭ ಅಷ್ಟೇ. ಬೇಸತ್ತಾಗ ಹಲಗೆಗೆ ಮುಖಮಾಡಿ ಗೊಣಗುವುದು ನನ್ನ ಹಳೆಯ ಚಟ. "ಇವರ ಕೈ ನಿಲ್ಲೋದಿಲ್ಲ. ನಾನು ಲಿಂಗಸುಗೂರಿಗೆ ಹೋಗಿಬಿಡ್ತೀನಿ" ಎಂದು ದಿನಾ ಗೊಣಗುತ್ತಿದ್ದೆ. ಇಲ್ಲಿ ಯಾರಿಗೂ ಕೇಳಿಸದು ಎಂಬ ಧೈರ್ಯ ಬೇರೆ. ವರ್ಗಾವಣೆಯ ಅರ್ಜಿಯನ್ನು ನಿಜಕ್ಕೂ ಬರೆದು ಜೇಬಿನಲ್ಲಿಟ್ಟುಕೊಂಡಿದ್ದೆ.

ಒಂದು ಸೋಮವಾರ ಹೋಗಿ ನೋಡಿದರೆ ಹದಿನಾಲ್ಕೂ ಮಕ್ಕಳು ಕೈಕಟ್ಟಿ ಕುಳಿತಿವೆ. ವಾರವಿಡೀ ಹಾಗೆಯೇ, ಕನ್ನಡಿಯಲ್ಲಿ ಒಂದು ಬೆರಳೂ ಅಲುಗಲಿಲ್ಲ. ಹೆಮ್ಮೆಯಿಂದ ಮಹಿಬೂಬನನ್ನು ಕರೆದು ತೋರಿಸಿದೆ. "ಫೋಟೋ ತೆಗೆಸಾಕ ಕುಂತಂಗ ಕುಂತಾವ್ರೀ" ಎಂದು ಅವನು ಹೋದ.

ಮುಂದಿನ ಸೋಮವಾರ, ರಜೆಗೆ ಊರಿಗೆ ಹೋಗಿದ್ದ ದೇವಮ್ಮನನ್ನು ಕರೆತಂದ ಅವಳ ತಾಯಿ ಬಾಗಿಲಲ್ಲೇ ನಿಂತಳು.

"ಸರ, ನೀವು ಲಿಂಗಸುಗೂರಿಗೆ ಹೊಂಟೀರಂತಲ್ರೀ?"

"ಯಾರವ್ವಾ ಹೇಳಿದ್ದು?"

"ಈಕಿನಾ. ಕನ್ನಡ್ಯಾಗ ನಿಮ್ಮ ಬಾಯಿ ನೋಡ್ಯಾಳಂತ. ಕೈ ಆಡಿಸಿದ್ರ ಸರು ಹೋಗ್ತಾರ ಅಂದಾಕಿ, ಕೈ ಕಟಗೊಂಡು ಕುಂತಬಿಟ್ಳ್ರೀ. ಎರಡು ದಿನ ನನ್ನ ಕೂಡ ಒಂದು ಮಾತಾಡಿಲ್ಲ."

ನನಗೆ ಅವರು ಕಾಣುವ ಕನ್ನಡಿಯಲ್ಲಿ ಅವರಿಗೂ ನಾನು ಕಾಣುತ್ತೇನೆಂಬುದು ನನಗೆ ಹೊಳೆದೇ ಇರಲಿಲ್ಲ. ವರ್ಷವಿಡೀ ರೊಟ್ಟಿಯನ್ನು ಓದಲಾಗದ ಹುಡುಗಿ ಲಿಂಗಸುಗೂರನ್ನು ಓದಿದ್ದಳು. ಒಳಗೆ ಹೋಗಿ ಅವಳ ಕಟ್ಟಿದ ಕೈಗಳನ್ನು ನಾನೇ ಬಿಡಿಸಿ, "ಹೋಗಲ್ಲ, ಮಾತಾಡು" ಎಂದೆ. ನನ್ನ ತುಟಿಯನ್ನು ಎರಡು ಸಲ ನೋಡಿ ನಂಬಿದಳು. ಐದು ನಿಮಿಷದಲ್ಲಿ ತರಗತಿ ಮಸ್ಕಿಯ ಸಂತೆಯಾಯಿತು.

ಅರ್ಜಿಯನ್ನು ಹರಿದೆಸೆದೆ ಎಂದು ಬರೆಯುವಷ್ಟು ದೊಡ್ಡವನಲ್ಲ ನಾನು. ಅದು ನಿವೃತ್ತಿಯವರೆಗೆ ಒಂದು ಅಂಗಿಯ ಜೇಬಿನಿಂದ ಇನ್ನೊಂದಕ್ಕೆ ಹೋಯಿತು. ಗೊಣಗುವುದೂ ನಿಲ್ಲಲಿಲ್ಲ, ಬಾಯಿಗೆ ಅಂಗೈ ಅಡ್ಡ ಹಿಡಿದು ಗೊಣಗತೊಡಗಿದೆ. ಮಕ್ಕಳು ತಮ್ಮ ಕೈಸನ್ನೆಯಲ್ಲಿ ಅದನ್ನೇ ನನ್ನ ಹೆಸರು ಮಾಡಿಕೊಂಡರು. ಈಗ ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಮೀಸೆ ಬಂದ ಯಾರೋ ದೂರದಿಂದ ನನ್ನನ್ನು ನೋಡಿ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾನೆ. ಹಾಜರಿ ಕರೆದಾಗ ಎತ್ತುವಂತೆ ನಾನು ಶಿಸ್ತಾಗಿ ಕೈ ಎತ್ತುತ್ತೇನೆ.