ಗುಳ್ಳೆ ಹುಡುಕುವ ಭಾವ

ನಮ್ಮ ಭಾವನನ್ನು ಅಡುಗೆಮನೆಯೊಳಗೆ ಬಿಟ್ಟುಕೊಂಡವರು ಆ ದಿನ ಹೊತ್ತಿಗೆ ಸರಿಯಾಗಿ ಊಟ ಮಾಡಿದ್ದು ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನಲ್ಲಿ ಎಲ್ಲೂ ಇಲ್ಲ. ಇದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ನಿಂತು ಹೇಳಬಲ್ಲೆ. ಬೇರೆಯವರ ಊಟದ ಮಾತು ಹಾಗಿರಲಿ, ನನ್ನ ಮದುವೆಯೇ ಅವರ ಕೈಯಲ್ಲಿ ಸಿಕ್ಕಿ ನಿಂತುಹೋಗುವುದರಲ್ಲಿತ್ತು. ಅದನ್ನೂ ಹೇಳುತ್ತೇನೆ. ಹೇಳಲಿಕ್ಕೆ ಇಷ್ಟು ವರ್ಷ ಬೇಕಾಯಿತು.

ಅರವತ್ತರ ದಶಕದ ಮಾತು. ಸಿಲಿಂಡರಿನ ಗ್ಯಾಸು ಎಂಬುದು ನಮಗೆ ಬೆಂಗಳೂರಿನವರ ಸುದ್ದಿ. ನಮ್ಮ ಕಡೆ ಬಂದದ್ದು ಗೋಬರ್ ಗ್ಯಾಸು. ಕೊಟ್ಟಿಗೆಯ ಹಿಂದೆ ಬಾವಿಯಂಥ ಗುಂಡಿ ತೋಡಿ, ಇಟ್ಟಿಗೆ ಕಟ್ಟಿ, ಸಗಣಿಯನ್ನು ನೀರಿನಲ್ಲಿ ಕದಡಿ ತುಂಬಿಸಿ, ಅದರ ಮೇಲೆ ದೊಡ್ಡ ಕಬ್ಬಿಣದ ಡ್ರಮ್ಮನ್ನು ಬೋರಲು ಹಾಕುವುದು. ಒಳಗೆ ಗ್ಯಾಸು ಹುಟ್ಟಿದ ಹಾಗೆ ಡ್ರಮ್ಮು ಮೆಲ್ಲಗೆ ಮೇಲೇಳುತ್ತದೆ. ಅಲ್ಲಿಂದ ಒಂದು ಪೈಪು ಅಡುಗೆಮನೆಯ ಒಲೆಗೆ. ಸಗಣಿಯಿಂದ ಬೆಂಕಿ ಬರುತ್ತದಂತೆ ಎಂದು ನೋಡಲು ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದ ಕಾಲ ಅದು.

ಭಾವ ಎಂದರೆ ನನ್ನ ಅಕ್ಕನ ಗಂಡ. ಮೊದಲು ಮದುವೆಮನೆಗಳ ಗ್ಯಾಸ್‌ಲೈಟು ರಿಪೇರಿ ಮಾಡುತ್ತಿದ್ದವರು ಎಲ್ಲಿಗೋ ಹೋಗಿ ತರಬೇತಿ ಪಡೆದು ಬಂದು, ಸಾಗರದ ಮನೆಯ ಬಾಗಿಲಿಗೆ ‘ಗ್ಯಾಸ್ ಇಂಜಿನಿಯರ್’ ಎಂದು ಬೋರ್ಡು ಬರೆಸಿ ಹಾಕಿದರು. ಇಂಜಿನಿಯರ್ ಆಗಲಿಕ್ಕೆ ಡಿಗ್ರಿ ಬೇಡವೇ ಎಂದು ಯಾರಾದರೂ ಕೇಳಿದರೆ ಎದೆ ಉಬ್ಬಿಸಿ ಹೇಳುವರು: “ಲಿಂಗನಮಕ್ಕಿಯಲ್ಲಿ ಕಟ್ಟೆ ಕಟ್ಟೋ ಇಂಜಿನಿಯರ್‌ಗಳಿಗಿಂತ ನಂದು ಕಷ್ಟದ ಕೆಲಸ ಕಣ್ರಿ. ಅವರದ್ದು ಸೋರಿದ್ರೆ ನೀರು, ಕುರುಡನಿಗೂ ತಿಳೀತದೆ. ನಂದು ಸೋರಿದ್ರೆ ಕಣ್ಣಿದ್ದವರಿಗೂ ಕಾಣಲ್ಲ.” ವಿನಯ ಎಂಬ ಗುಣ ಭಾವನ ಹತ್ತಿರ ಸುಳಿದದ್ದನ್ನು ನಾನು ನೋಡಿಲ್ಲ.

ನಾನು ಹೈಸ್ಕೂಲು ಮುಗಿಸಿ, ಮುಂದೆ ಓದಲಾಗದೆ, ಕೆಲವು ವರ್ಷ ಅಲ್ಲಿ ಇಲ್ಲಿ ಅಲೆದು ಅವರ ಜೊತೆ ಸೇರಿಕೊಂಡಿದ್ದೆ. ಗಿರಾಕಿಗಳನ್ನು ಒಪ್ಪಿಸುವುದು ನನ್ನ ಕೆಲಸ. ಒಪ್ಪಿದವರನ್ನು ಹೆದರಿಸಿ ಓಡಿಸುವುದು ಭಾವನ ಕೆಲಸ.

ಒಲೆ ಕೂರಿಸುವುದರಲ್ಲಿ ಅವರು ಬಹಳ ಚುರುಕು. ಬೆಳಿಗ್ಗೆ ಹೋದರೆ ಕಾಫಿಯ ಹೊತ್ತಿಗೆ ಪೈಪು ಎಳೆದು, ಒಲೆ ಇಟ್ಟು, ಕೈ ತೊಳೆಯುವರು. ಮನೆಯವರು ಸಂತೋಷದಿಂದ “ಆಯ್ತಲ್ಲ, ಹಚ್ಚೋಣವಾ?” ಎನ್ನುವರು. ಭಾವ ಅವರನ್ನು ಕನಿಕರದಿಂದ ನೋಡುವರು. “ಕೆಲಸ ಆಯ್ತು. ಇನ್ನು ಪರೀಕ್ಷೆ ಶುರು.”

ಇಕ್ಕೇರಿಯ ಒಂದು ಮನೆಯಲ್ಲಿ ಮೊದಲ ಸಲ ನಾನು ಆ ಪರೀಕ್ಷೆ ನೋಡಿದ್ದು. ಭಾವ ಚೀಲದಿಂದ ಅಂಟುವಾಳಕಾಯಿ ತೆಗೆದು ಬಟ್ಟಲಿನಲ್ಲಿ ಹಾಲಿನಂಥ ನೊರೆ ಎಬ್ಬಿಸಿದರು. ಗಡ್ಡಕ್ಕೆ ಸೋಪು ಹಚ್ಚುವ ಬ್ರಶ್ಶಿನಿಂದ ಆ ನೊರೆಯನ್ನು ಪೈಪಿನ ಒಂದೊಂದು ಜಾಯಿಂಟಿಗೂ ಬಳಿದು, ಮಂಡಿಯೂರಿ, ಕನ್ನಡಕ ಸರಿಮಾಡಿಕೊಂಡು ನೋಡುತ್ತ ಕುಳಿತರು. ಎಲ್ಲಿಯಾದರೂ ಗ್ಯಾಸು ಸೋರಿದರೆ ಅಲ್ಲಿ ನೊರೆ ಗುಳ್ಳೆಯಾಗಿ ಉಬ್ಬುತ್ತದೆ. ಸೋರದಿದ್ದರೆ ಸುಮ್ಮನಿರುತ್ತದೆ. ಸುಮ್ಮನಿರುವ ನೊರೆಯನ್ನು ಎಷ್ಟು ಹೊತ್ತು ನೋಡಬಹುದು? ಭಾವ ನೋಡಬಲ್ಲರು. ಮನೆಯವರೆಲ್ಲ ಸುತ್ತ ನಿಂತು, ಪೈಪಿಗೆ ಏನೋ ಅಭಿಷೇಕ ನಡೆದಿದೆ ಎಂದುಕೊಂಡು ಕೈಮುಗಿಯುವುದೊಂದು ಬಾಕಿ.

ಆಮೇಲೆ ವಾಸನೆಯ ಪರೀಕ್ಷೆ. ಅದಕ್ಕೆ ಮುಂಚೆ ಆ ಮನೆಯಲ್ಲಿ ಒಗ್ಗರಣೆ ಹಾಕಕೂಡದು, ಊದಿನಕಡ್ಡಿ ಹಚ್ಚಕೂಡದು. ಮನೆಯ ಯಜಮಾನರು ತಾವೂ ಮೂಸಿ ನೋಡಿ, “ನಂಗೇನೂ ವಾಸನೆ ಬರ್ತಿಲ್ಲ ಮಾರಾಯ್ರೆ” ಎಂದರು.

“ನೀವು ನಶ್ಯ ಹಾಕ್ತೀರಿ ಅಲ್ವಾ?”

“ಹೌದು.”

“ನಿಮ್ಮ ಮೂಗು ಸಾಕ್ಷಿಗೆ ಬರಲ್ಲ. ಆಚೆ ಕೂತ್ಕೊಳ್ಳಿ.”

ಸ್ವಂತ ಮನೆಯಲ್ಲಿ ಸ್ವಂತ ಮೂಗಿಗೆ ಬೆಲೆಯಿಲ್ಲದೆ ಆ ಯಜಮಾನರು ಜಗಲಿಗೆ ಹೋಗಿ ಕುಳಿತರು. ಹೋಗಲಿ, ಮನೆಯಲ್ಲಾದರೂ ಭಾವನಿಗೆ ಗೌರವ ಇತ್ತೇ? ಅಕ್ಕ ಹೇಳುತ್ತಿದ್ದಳು: “ಪೈಪಿಗೆ ಹಚ್ಚಿದ ಬ್ರಶ್ಶನ್ನೇ ಮುಖಕ್ಕೂ ಹಚ್ಕೋತಾರೆ. ಒಂದು ದಿನ ಇವರ ಕೆನ್ನೆಲೂ ಗುಳ್ಳೆ ಎದ್ದರೆ ರಿಪೇರಿ ಮಾಡೋರು ಯಾರು?”

ಮೇಗರವಳ್ಳಿಯಲ್ಲಿ ಇನ್ನೊಂದು ರಾಮಾಯಣ. ಆ ಮನೆಯ ಅಡುಗೆಮನೆಗೆ ಕಿಟಕಿಯೇ ಇರಲಿಲ್ಲ. ಗಾಳಿಯಾಡದ ಕೋಣೆಯಲ್ಲಿ ಒಲೆ ಹಚ್ಚಲು ಬಿಡುವುದಿಲ್ಲ, ಗೋಡೆ ಒಡೆಯಿರಿ ಎಂದರು ಭಾವ. ಅಜ್ಜನ ಕಾಲದ ಗೋಡೆ, ಒಡೆಯುವುದಿಲ್ಲ ಎಂದರು ಯಜಮಾನರು. ಹಾಗಾದರೆ ಹೆಂಚಾದರೂ ತೆಗೆಯಿರಿ. “ಆಗುಂಬೆ ಪಕ್ಕದಲ್ಲಿ ಕೂತು ಹೆಂಚು ತೆಗೀರಿ ಅಂತೀರಲ್ಲ, ನಿಮಗೆ ತಲೆ ನೆಟ್ಟಗಿದೆಯಾ?” ಭಾವ ಮಾತು ಬೆಳೆಸಲಿಲ್ಲ. ಅಡುಗೆಮನೆಯ ಹೊಸಿಲ ಮೇಲೆ ಕುಳಿತುಬಿಟ್ಟರು. ಅವರನ್ನು ದಾಟಿ ಒಳಗೆ ಹೋಗಲು ಹೆಂಗಸರಿಗೆ ಸಂಕೋಚ. ಎಲೆ ಹಾಕುವ ಹೊತ್ತು ಬಂತು, ಹೋಯಿತು. ಮಧ್ಯಾಹ್ನ ಇಳಿಯುತ್ತಿದ್ದ ಹಾಗೆ ಯಜಮಾನರೇ ಹಾರೆ ಹಿಡಿದುಕೊಂಡು ಬಂದು, “ಎಲ್ಲಿ ಒಡೀಬೇಕು, ಗೆರೆ ಹಾಕಿ” ಎಂದರು.

ಹೊಸನಗರದಲ್ಲಿ ಮನೆಯವರೆಲ್ಲ ಒಬ್ಬೊಬ್ಬರಾಗಿ ಒಲೆ ಹಚ್ಚಿ ಆರಿಸಿ ತೋರಿಸಬೇಕೆಂದು ಭಾವ ಹಟ ಹಿಡಿದರು. ಮೊದಲು ಕಡ್ಡಿ ಗೀರಬೇಕು, ಆಮೇಲೆ ಒಲೆಯ ತಿರುಪು ತಿರುಗಿಸಬೇಕು. ಹಿಂದುಮುಂದಾದರೆ ಮತ್ತೆ ಮೊದಲಿಂದ. ಸೊಸೆ ಪಾಸಾದಳು, ಅತ್ತೆ ಪಾಸಾದರು. ಅಡುಗೆಮನೆಗೆ ಕಾಲಿಡದ ಯಜಮಾನರು, “ನಂಗ್ಯಾಕೆ ಇದೆಲ್ಲ?” ಎಂದರು.

“ಆರಿಸೋಕೆ ಬರದವರು ಈ ಮನೇಲಿ ಇರಬಾರದು,” ಎಂದರು ಭಾವ.

“ಇದು ನನ್ನ ಮನೆ ಕಣ್ರಿ.”

“ಅದಕ್ಕೇ ಹೇಳ್ತಿದೀನಿ, ಬನ್ನಿ.”

ಅವರು ಕಡ್ಡಿಯ ಮೇಲೆ ಕಡ್ಡಿ ಮುರಿಯುವುದನ್ನು ನೋಡಿ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡರು. ಆದರೆ ಆ ಯಜಮಾನರು ಅಂದಿನಿಂದ ಕಾಫಿ ಕಾಸಲು ಕಲಿತರಂತೆ. ಆ ಹೆಂಡತಿ ದಾರಿಯಲ್ಲಿ ಸಿಕ್ಕಾಗೆಲ್ಲ ಭಾವನಿಗೆ ಕೈಮುಗಿಯುತ್ತಿದ್ದರು.

ನಗುತ್ತ ಹೇಳುತ್ತಿದ್ದೇನೆ. ಆದರೆ ಎಲ್ಲ ಮುಗಿದು, ಹಳದಿ ತುದಿ ಇಲ್ಲದ ನೀಲಿ ಉರಿ ಒಲೆಯ ಮೇಲೆ ನಿಂತಾಗ ಭಾವ ಅದನ್ನು ನೋಡುತ್ತಿದ್ದ ರೀತಿಯೇ ಬೇರೆ. ಮಗುವಿನ ಜ್ವರ ಇಳಿದಾಗ ತಾಯಿ ಹಾಗೆ ನೋಡುತ್ತಾಳೆ. ಆ ಮನೆಯವರು ಯಾರೋ, ಭಾವ ಯಾರೋ. ನಾಳೆ ಬೆಳಿಗ್ಗೆ ಯಾವುದೋ ಹೆಂಗಸು ನಿದ್ದೆಗಣ್ಣಿನಲ್ಲಿ ಕಡ್ಡಿ ಗೀರುವಾಗ ಅವಳಿಗೆ ಏನೂ ಆಗಬಾರದು ಎಂದು ಒಬ್ಬ ಮನುಷ್ಯ ಇಷ್ಟು ಬೈಗುಳ ತಿನ್ನಬಲ್ಲನೇ ಎಂದು ಬೆರಗಾಗುತ್ತಿತ್ತು. ಬೆರಗಾಗಿ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು.

ಅರಳಸುರಳಿಯ ಒಂದು ದೊಡ್ಡ ಕೊಟ್ಟಿಗೆಯ ಮನೆಗೆ ಗ್ಯಾಸಿನ ಮಾತಿಗೆ ಹೋಗಿದ್ದೆವು. ಆ ಮನೆಯ ಮಗಳು ಬೆಲ್ಲ ನೀರು ತಂದಿಟ್ಟಳು. ನಾನು ಬೆಲ್ಲ ತಿನ್ನುವುದನ್ನು ಮರೆತು ಬರೀ ನೀರು ಕುಡಿದೆ. ಮುಂದಿನದ್ದನ್ನು ಅಕ್ಕ ನೋಡಿಕೊಂಡಳು. ಜಾತಕ ಕೂಡಿತು, ಮಾತು ಕೂಡಿತು. ಹುಡುಗಿಯ ಅಪ್ಪನದು ಒಂದೇ ಆಸೆ: ನಿಶ್ಚಿತಾರ್ಥದ ದಿನ ನೆಂಟರೆದುರು ಪಾಯಸ ಗ್ಯಾಸಿನ ಒಲೆಯಲ್ಲೇ ಆಗಬೇಕು.

ಗುಂಡಿ ತುಂಬಿ ಡ್ರಮ್ಮು ಮೊದಲ ಸಲ ಮೇಲೆದ್ದಾಗ ಅವರು ಊರಿಗೆಲ್ಲ ಹೇಳಿಕೊಂಡು ಬಂದರು. ಭಾವ ಹೋಗಿ ಅಷ್ಟೂ ಗ್ಯಾಸನ್ನು ಬಯಲಿಗೆ ಬಿಟ್ಟುಬಿಟ್ಟರು. ಮೊದಲ ಡ್ರಮ್ಮಿನ ಗ್ಯಾಸಿನಲ್ಲಿ ಗಾಳಿ ಬೆರೆತಿರುತ್ತದೆ, ಅದಕ್ಕೆ ಕಡ್ಡಿ ತಾಗಿಸಿದರೆ ಡ್ರಮ್ಮೇ ಸಿಡಿಯಬಹುದು, ಅದು ನಿಯಮ. ಆದರೆ ಹುಡುಗಿಯ ಅಪ್ಪನಿಗೆ ಅದು ನಿಯಮದ ಹಾಗೆ ಕಾಣಲಿಲ್ಲ. “ನಮ್ಮ ದನದ ಗ್ಯಾಸು ಕಣಯ್ಯ, ಇವರ ಅಪ್ಪನ ಮನೇದಲ್ಲ,” ಎಂದು ನನಗೆ ಕೇಳುವ ಹಾಗೆ ಗೊಣಗಿದರು. ಭಾವನ ಮೂಗು ಕಣ್ಣುಗಳ ದೆಸೆಯಿಂದ ನನಗೆ ಹುಡುಗಿ ತಪ್ಪುತ್ತದೆ ಎಂದು ಅಂದೇ ಖಾತ್ರಿಯಾಯಿತು.

ನಿಶ್ಚಿತಾರ್ಥದ ದಿನ ಡ್ರಮ್ಮು ಮತ್ತೆ ತುಂಬಿ ನಿಂತಿತ್ತು. ಬೆಳಿಗ್ಗೆಯೇ ಭಾವ ನೊರೆ ಹಚ್ಚಿ ನೋಡಿದರು. ಒಲೆಯ ಕೆಳಗಿನ ಜಾಯಿಂಟಿನಲ್ಲಿ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ. ಹೊಸ ವಾಷರು ಬೇಕು. ಬೆಳಗಿನ ಬಸ್ಸಿನವನ ಕೈಲಿ ಹೇಳಿ ಕಳಿಸಿದ್ದಾಯಿತು, ಅದು ಮಧ್ಯಾಹ್ನದ ಬಸ್ಸಿನಲ್ಲಿ ಸಾಗರದಿಂದ ಬರಬೇಕು. ಭಾವ ಡ್ರಮ್ಮಿನ ಪಕ್ಕದ ವಾಲ್ವು ಮುಚ್ಚಿ, ಅದರ ಹಿಡಿಯನ್ನು ಬಿಚ್ಚಿ ಕೋಟಿನ ಜೇಬಿಗೆ ಹಾಕಿಕೊಂಡರು. “ನಾನು ಬರೋ ತನಕ ಯಾರೂ ಮುಟ್ಟಬಾರದು,” ಎಂದು ನನಗೊಬ್ಬನಿಗೆ ಹೇಳಿ ವಾಷರು ತರಲು ರಸ್ತೆಗೆ ಹೋದರು.

ಇತ್ತ ತಾಂಬೂಲ ಬದಲಾಯಿಸಿದ್ದಾಯಿತು. ನೆಂಟರು ಅಡುಗೆಮನೆಯತ್ತ ಕತ್ತು ಉದ್ದ ಮಾಡತೊಡಗಿದರು. ಹುಡುಗಿಯ ಅಪ್ಪ ನನ್ನನ್ನು ಪಕ್ಕಕ್ಕೆ ಕರೆದರು. “ಎಂತ, ಇವತ್ತೂ ಆಗಲ್ವಾ? ನಿಮ್ಮ ಭಾವನಿಗೆ ನಮ್ಮ ಮನೆ ಸಂಬಂಧ ಇಷ್ಟ ಇಲ್ಲ ಅಂತ ಕಾಣ್ತದೆ. ಹಾಗಿದ್ರೆ ಈಗಲೇ ಹೇಳಿಬಿಡಿ.”

ನಾನು ಹೇಳಿದೆ: “ಇಲ್ಲ ಇಲ್ಲ. ಭಾವ ಎಲ್ಲಾ ನೋಡಿ ಆಗಿದೆ. ಸರಿ ಇದೆ, ಹಚ್ಚಬಹುದು ಅಂತ ಹೇಳಿಯೇ ಹೋದ್ರು.”

ಆ ಸುಳ್ಳು ಎಷ್ಟು ಸಲೀಸಾಗಿ ಬಂತು ಎಂದು ಈಗಲೂ ಹೆದರಿಕೆಯಾಗುತ್ತದೆ. ಕೊಟ್ಟಿಗೆಯ ಹಿಂದೆ ಹೋಗಿ, ಹಿಡಿಯಿಲ್ಲದ ವಾಲ್ವನ್ನು ಇಕ್ಕಳದಿಂದ ಕಚ್ಚಿ ತಿರುಗಿಸಿದೆ. ಬಂದು ನೆಂಟರನ್ನು ಕರೆದು, ಹುಡುಗಿಯ ಅಜ್ಜಿಯನ್ನು ಎದುರಿಗೆ ನಿಲ್ಲಿಸಿ, ಒಂದೆರಡು ಜಂಬದ ಮಾತೂ ಆಡಿದೆ. ಅಷ್ಟು ಹೊತ್ತೂ ಸಾಸಿವೆ ಕಾಳಿನ ಗುಳ್ಳೆ ತನ್ನ ಕೆಲಸ ಮಾಡುತ್ತಿತ್ತು. ಹಬ್ಬದಡುಗೆಯ ಒಗ್ಗರಣೆಯಲ್ಲಿ ಬೇರೆ ವಾಸನೆ ಯಾರಿಗೆ ತಿಳಿಯಬೇಕು? ಕಡ್ಡಿ ಗೀರಿದೆ.

ಒಲೆಯ ಕೆಳಗಿನಿಂದ ಬೆಂಕಿ ಭುಗ್ಗೆಂದು ಎದ್ದು ನನ್ನ ಕೈಯನ್ನು ನೆಕ್ಕಿ, ಅಜ್ಜಿಯ ಸೆರಗು ಹಿಡಿಯಿತು. ನೆಂಟರು ಒಬ್ಬರ ಮೇಲೊಬ್ಬರು ಬಿದ್ದು ಹೊರಗೋಡಿದರು. ನಾನೂ ಓಡಿದೆ. ಅದನ್ನೂ ಬರೆಯಬೇಕು. ಒಳಗೆ ನುಗ್ಗಿದವಳು ಹುಡುಗಿಯೊಬ್ಬಳೇ. ಒದ್ದೆ ಗೋಣಿಯನ್ನು ಅಜ್ಜಿಗೆ ಸುತ್ತಿ ಎಳೆದುಕೊಂಡು ಬಂದಳು. ಅಷ್ಟರಲ್ಲಿ ರಸ್ತೆಯಿಂದ ಬರುತ್ತಿದ್ದ ಭಾವ ಗಲಾಟೆ ಕೇಳಿ ನೇರ ಡ್ರಮ್ಮಿನ ಹತ್ತಿರ ಓಡಿ, ನಾನು ಅಲ್ಲೇ ಬಿಟ್ಟಿದ್ದ ಇಕ್ಕಳದಿಂದ ವಾಲ್ವು ಮುಚ್ಚಿದರು. ದೇವರು ದೊಡ್ಡವನು, ಅಜ್ಜಿಗೆ ಸೆರಗು ಸುಟ್ಟದ್ದು ಬಿಟ್ಟರೆ ಏನೂ ಆಗಿರಲಿಲ್ಲ.

ಭಾವ ಅಂಗಳಕ್ಕೆ ಬಂದರು. ಹುಡುಗಿಯ ಅಪ್ಪ ಎಲ್ಲರೆದುರು ಕೇಳಿದರು: “ಎಲ್ಲಾ ನೋಡಿ ಆಗಿದೆ, ಹಚ್ಚಬಹುದು ಅಂದ್ರಂತಲ್ಲ? ನಮ್ಮಮ್ಮನ್ನ ಕೊಲ್ಲೋಕೆ ಬಂದಿದ್ರಾ?”

ಭಾವ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅವರ ಕೈ ಕೋಟಿನ ಜೇಬಿಗೆ ಹೋಯಿತು. ಆ ಹಿಡಿಯನ್ನು ಎತ್ತಿ ತೋರಿಸಿದ್ದರೆ ಸಾಕಿತ್ತು. ವಾಲ್ವು ಮುಚ್ಚಿ ಹಿಡಿ ಬಿಚ್ಚಿಕೊಂಡು ಹೋದವರು ಯಾರು, ತೆರೆದವನು ಯಾರು ಎಂದು ಎಲ್ಲರಿಗೂ ತಿಳಿಯುತ್ತಿತ್ತು. ನನ್ನ ಮದುವೆ ಅಲ್ಲಿಗೆ ಮುಗಿಯುತ್ತಿತ್ತು. ಕೈ ಜೇಬಿನಲ್ಲಿ ಸ್ವಲ್ಪ ಹೊತ್ತು ನಿಂತಿತು. ಬರಿಗೈಯಾಗಿ ಹೊರಗೆ ಬಂತು.

“ಹೌದು, ಅಂದಿದ್ದೆ,” ಎಂದರು ಭಾವ. “ಕೆಳಗಿನ ಜಾಯಿಂಟು ನೋಡೋದು ಬಿಟ್ಟೋಯ್ತು. ನನ್ನ ತಪ್ಪು.”

ಲಿಂಗನಮಕ್ಕಿಯ ಇಂಜಿನಿಯರುಗಳಿಗೂ ತಲೆಬಾಗದ ಮನುಷ್ಯ ಅಂಗಳದ ನಡುವೆ ಕೈಮುಗಿದುಕೊಂಡು ನಿಂತಿದ್ದರು. ನೆಂಟರಲ್ಲಿ ಒಬ್ಬರು ಮುಂದಿನ ತಿಂಗಳು ಗ್ಯಾಸು ಹಾಕಿಸಬೇಕೆಂದಿದ್ದವರು, “ನಮ್ಮನೆಗೆ ಬೇಡ ಮಾರಾಯ್ರೆ” ಎಂದು ಅಲ್ಲಿಯೇ ಹೇಳಿದರು. ಆ ಮಾತು ಮೂರೂ ತಾಲ್ಲೂಕಿಗೆ ಹಬ್ಬಲು ಹೆಚ್ಚು ಸಮಯ ಹಿಡಿಯಲಿಲ್ಲ. ಹುಡುಗಿಯ ಅಪ್ಪ ನನ್ನ ಕಡೆ ತಿರುಗಿ, “ಹುಡುಗಂದು ತಪ್ಪೇನಿದೆ, ಇವರ ಮಾತು ನಂಬಿದ. ಮದುವೆ ನಡೀಲಿ. ಆದ್ರೆ ಈ ಮನುಷ್ಯ ಮಂಟಪದ ಹತ್ತಿರ ಬರಬಾರದು,” ಎಂದರು. ನಾನು ಆಗಲೂ ಬಾಯಿ ಬಿಡಲಿಲ್ಲ. ನನ್ನ ಮದುವೆಗೆ ಅಕ್ಕ ಒಬ್ಬಳೇ ಬಂದಳು. ಭಾವ ಈಗಿಲ್ಲ, ಮಾವನೂ ಇಲ್ಲ. ಹೆಂಡತಿಗೆ ಇವತ್ತಿನವರೆಗೂ ಹೇಳಿಲ್ಲ. ಬರೆದದ್ದನ್ನು ಮೊದಲು ಅವಳಿಗೇ ಕೊಡುತ್ತೇನೆ.

ಆ ಸಂಜೆ ಸಾಗರದ ಬಸ್ಸಿನಲ್ಲಿ ಭಾವ ಕಿಟಕಿಯ ಸೀಟನ್ನು ನನಗೆ ಬಿಟ್ಟುಕೊಟ್ಟರು. ನಾನು “ಭಾವಾ...” ಎಂದೆ. ಅವರು ನನ್ನ ಬಲಗೈಯನ್ನು ಎಳೆದುಕೊಂಡು ನೋಡಿದರು. ಕೂದಲೆಲ್ಲ ಸುಟ್ಟು ಚರ್ಮ ಕೆಂಪಗಾಗಿತ್ತು. ಹೆಗಲ ಮೇಲಿನ ಟವೆಲನ್ನು ಚೊಂಬಿನ ನೀರಿನಲ್ಲಿ ಅದ್ದಿ, ನೋವಾಗದ ಹಾಗೆ ಕೈಗೆ ಸುತ್ತಿದರು.

“ಎಲ್ಲರೂ ಹೊರಗೆ ಓಡ್ತಿದ್ರು, ಆ ಹುಡುಗಿ ಒಳಗೆ ಓಡಿದ್ಲಂತೆ,” ಎಂದರು. “ಅಂಥವಳನ್ನ ಕೈ ಬಿಡೋಕಾಗ್ತದಾ ತಮ್ಮಾ?”

ಟವೆಲು ಒಣಗಿದಾಗ ಮತ್ತೆ ಒದ್ದೆ ಮಾಡಿದರು. ಬಸ್ಸು ಹೊಂಡಗಳಲ್ಲಿ ಎದ್ದು ಬಿದ್ದು ಹೋಗುತ್ತಿತ್ತು. ನನ್ನ ಕೈ ಕುಲುಕದ ಹಾಗೆ, ಸಾಗರ ಬರುವವರೆಗೂ, ಅದನ್ನು ತಮ್ಮ ತೊಡೆಯ ಮೇಲೆ ಎರಡೂ ಕೈಗಳಿಂದ ಹಿಡಿದುಕೊಂಡೇ ಕುಳಿತಿದ್ದರು.