ಅಪ್‌ಡೇಟಪ್ಪನ ಕೆಂಪು ಚುಕ್ಕೆ

ತಪ್ಪೆಲ್ಲ ಆ ಕೆಂಪು ಚುಕ್ಕೆಯದು. ಪರದೆಯ ಬಲಮೂಲೆಯಲ್ಲಿ ಸಾಸಿವೆ ಕಾಳಿನಷ್ಟೇ ಇದ್ದ ಅದು ಬೆಳಗ್ಗೆ ಎದ್ದಾಗಿನಿಂದ ಕಣ್ಣು ಹೊಡೆಯುತ್ತಿತ್ತು. ಪಕ್ಕದಲ್ಲಿ ನಲವತ್ತೇಳು ಎಂಬ ಸಂಖ್ಯೆ. ಅಂದರೆ ಕಂಪ್ಯೂಟರಿಗೆ ನಲವತ್ತೇಳು ಹೊಸ ಸಾಮಾನು ಬಂದು ಬಾಗಿಲಲ್ಲಿ ನಿಂತಿವೆ, ಒಳಗೆ ಕರೆಯುವವರಿಲ್ಲ.

ಬೇರೆಯವರಿಗೆ ಅದು ಬರೀ ಚುಕ್ಕೆ. ನಮ್ಮ ಅಪ್‌ಡೇಟಪ್ಪನಿಗೆ ಮಾತ್ರ ಬೆನ್ನಿನ ನಡುಮಧ್ಯೆ, ಕೈಗೆಟುಕದ ಜಾಗದಲ್ಲಿ ಎದ್ದ ತುರಿಕೆ.

ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಆ ಮೂರು ಮಹಡಿಯ ಕಟ್ಟಡದಲ್ಲಿ ಅದು ಕರೆಂಟ್ ಬಿಲ್ಲಿನ ಮೇಲೆ ಬಿಟ್ಟರೆ ಇನ್ನೆಲ್ಲೂ ಚಾಲ್ತಿಯಲ್ಲಿರಲಿಲ್ಲ. ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜುವುದು ಅವನ ಹೊಟ್ಟೆಪಾಡು. ಉಳಿದ ಹೊತ್ತೆಲ್ಲ ಲಿನಕ್ಸ್ ಎಂಬ ಕಂಪ್ಯೂಟರ್ ಸಿಸ್ಟಮ್ಮಿನ ಧ್ಯಾನ. ಅದರಲ್ಲೂ ಹತ್ತಾರು ಬಗೆ. ಕೆಲವು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಹೊಸ ಅಂಗಿ ತೊಟ್ಟು, ಮುಂದಿನ ಸಲದವರೆಗೆ ತೆಪ್ಪಗಿರುತ್ತವೆ. ಇವನದು ‘ರೋಲಿಂಗ್’ ಬಗೆ, ಸದಾ ಉರುಳುತ್ತಲೇ ಇರುವಂಥದ್ದು. ಇವತ್ತು ಗುಂಡಿ, ನಾಳೆ ಕಾಲರ್, ನಾಳಿದ್ದು ತೋಳು. ತೊಟ್ಟ ಅಂಗಿಯನ್ನು ಬಿಚ್ಚದೆಯೇ ದಿನಾ ಹೊಲಿಸಿಕೊಳ್ಳುವ ಏರ್ಪಾಡು. ಒಮ್ಮೊಮ್ಮೆ ಸೂಜಿ ಒಳಗಿನ ಮೈಗೇ ಚುಚ್ಚುತ್ತದೆ. “ಅದರಲ್ಲೇ ಮಜಾ ಇರೋದು” ಎನ್ನುತ್ತಿದ್ದ ಅಪ್‌ಡೇಟಪ್ಪ.

ಇದರ ಮೇಲೆ ಇನ್ನೊಂದು ಹೆಮ್ಮೆ. ಅವನ ಕಂಪ್ಯೂಟರು ಎಂಟು ತಿಂಗಳಿಂದ ಒಂದೇ ಒಂದು ಸಲವೂ ಆರಿರಲಿಲ್ಲ. ಕರೆಂಟು ಹೋದಾಗ ಮೇಜಿನಡಿಯ ಯುಪಿಎಸ್ ಪೆಟ್ಟಿಗೆ ತನ್ನ ಬ್ಯಾಟರಿಯಿಂದ ಅದಕ್ಕೆ ಉಸಿರು ಕೊಡುತ್ತಿತ್ತು. ಎಷ್ಟು ದಿನದಿಂದ ಎಚ್ಚರವಾಗಿದೆ ಎಂಬ ಲೆಕ್ಕವನ್ನು ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ಹಾಕಿಕೊಂಡು, ಮಗಳ ಎತ್ತರಕ್ಕಿಂತ ಹೆಚ್ಚು ಮುತುವರ್ಜಿಯಿಂದ ಅದನ್ನು ನೋಡಿಕೊಳ್ಳುತ್ತಿದ್ದ.

“ರೀ, ಇವತ್ತೊಂದಿನ ಅದರ ತಂಟೆಗೆ ಹೋಗ್ಬೇಡಿ,” ಎಂದಳು ಹೆಂಡತಿ, ಮಗಳಿಗೆ ಜಡೆ ಹಾಕುತ್ತ. “ಹನ್ನೆರಡಕ್ಕೆ ನನ್ನ ಇಂಟರ್ವ್ಯೂ. ಅದರಲ್ಲೇ ಮುಖ ತೋರಿಸ್ಬೇಕು.”

ಮಗಳು ಹುಟ್ಟಿದಾಗ ಬಿಟ್ಟ ಕೆಲಸ ಅವಳದು. ಇಷ್ಟು ವರ್ಷಗಳ ಮೇಲೆ ಮೊದಲ ಸಲ ಯಾರೋ ಕರೆದಿದ್ದರು. ಅಪ್‌ಡೇಟಪ್ಪನಿಗೆ ಅದು ಗೊತ್ತಿರಲಿಲ್ಲವೆಂದಲ್ಲ.

“ಮುಟ್ಟೋದಿಲ್ಲ ಕಣೇ. ಅಷ್ಟೂ ಬುದ್ಧಿ ಇಲ್ವಾ ನಂಗೆ?”

“ಮೇಷ್ಟ್ರ ಲ್ಯಾಪ್‌ಟಾಪ್ ಮುಟ್ಟೋವಾಗ್ಲೂ ಹೀಗೇ ಅಂದಿದ್ರಿ.”

“ಅದು ಬೇರೆ.”

“ಡಾಕ್ಟರಮ್ಮನ್ದು?”

“ಅದೂ ಬೇರೆ.”

“ಟೈಲರ್‌ದು?”

ಅಪ್‌ಡೇಟಪ್ಪ ಚಹಾ ಲೋಟದೊಳಗೆ ಮುಖ ಇಳಿಸಿದ.

ಆ ಕಟ್ಟಡದ ಮೂವರನ್ನು ಅವನೇ ಬೆನ್ನುಹತ್ತಿ, ತಲೆ ತಿಂದು, ತನ್ನ ದಾರಿಗೆ ಎಳೆದಿದ್ದ. ಕೆಳಗಿನ ಮನೆಯ ರಿಟೈರ್ಡ್ ಗಣಿತದ ಮೇಷ್ಟ್ರು, ಮೇಲಿನ ಮನೆಯಲ್ಲೇ ಕ್ಲಿನಿಕ್ ಇಟ್ಟ ಹಲ್ಲಿನ ಡಾಕ್ಟರಮ್ಮ, ರಸ್ತೆಗೆ ಮುಖ ಮಾಡಿದ ಅಂಗಡಿಯ ಟೈಲರ್. ಮೂವರ ಕಂಪ್ಯೂಟರಿಗೂ ಅದೇ ಸಿಸ್ಟಂ ಹಾಕಿ, ತಾನಾಗಿಯೇ ದಿನಾ ಅಪ್‌ಡೇಟ್ ಆಗುವಂತೆ ಮಾಡಿ, ಕೈ ಕೊಡವಿಕೊಂಡು ಬಂದಿದ್ದ. ಈಗ ಎರಡು ತಿಂಗಳಿಂದ ಅವರ ಕೈಗೆ ಸಿಗಬಾರದೆಂದು ಚಪ್ಪಲಿ ಕೈಯಲ್ಲಿ ಹಿಡಿದು, ಬೆಕ್ಕಿನ ಹೆಜ್ಜೆ ಇಟ್ಟು ಮೆಟ್ಟಿಲಿಳಿಯುತ್ತಿದ್ದ.

“ಹನ್ನೊಂದೂವರೆಗೆಲ್ಲ ಬಂದುಬಿಡ್ತೀನಿ,” ಎಂದು ಹೆಂಡತಿ ಮಗಳನ್ನು ಶಾಲೆಗೆ ಕರೆದುಕೊಂಡು ಹೊರಟಳು. ಇಸ್ತ್ರಿಗೆ ಬಟ್ಟೆ ಮಡಚುತ್ತಿದ್ದ ಅವನ ಅತ್ತೆಗೆ ಯಾಕೋ ಕೆಮ್ಮು ಬಂತು. ದಿಂಬಿನ ಕವರನ್ನೇ ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

ಅಪ್‌ಡೇಟಪ್ಪ ಕಂಪ್ಯೂಟರಿಗೆ ಬೆನ್ನು ಹಾಕಿ ಕೂತ. ಪೇಪರ್ ಓದಿದ. ಉಗುರು ಕತ್ತರಿಸಿದ. ಮೆಲ್ಲಗೆ ಕತ್ತು ತಿರುಗಿಸಿದ. ನಲವತ್ತೇಳು ನಲವತ್ತೊಂಬತ್ತಾಗಿತ್ತು.

“ಪಟ್ಟಿ ನೋಡೋದು ಮುಟ್ಟಿದ ಹಾಗಲ್ಲ,” ಎಂದುಕೊಂಡ. ಪಟ್ಟಿಯ ತುದಿಯಲ್ಲಿ ‘ಮುಂದುವರಿಯಲೇ?’ ಎಂಬ ಪ್ರಶ್ನೆ ಇತ್ತು. ಕೇಳಿದವರಿಗೆ ಉತ್ತರ ಕೊಡದಿರುವುದು ಮರ್ಯಾದಸ್ಥರ ಲಕ್ಷಣವಲ್ಲ. ಬೆರಳು ತಾನೇ ಹೋಗಿ ಹೌದೆಂದಿತು.

ಸಾಲುಗಳು ಜಲಪಾತದಂತೆ ಸುರಿದವು. ಒಂದು ತಪ್ಪಿಲ್ಲ, ಒಂದು ಗೊಣಗಾಟವಿಲ್ಲ. ಚುಕ್ಕೆ ಹಸಿರಾಯಿತು. ಅಪ್‌ಡೇಟಪ್ಪನಿಗೆ ಸ್ನಾನ ಮಾಡಿ ಎದ್ದಷ್ಟು ಹಗುರವಾಯಿತು. ಆ ಸಂತೋಷದಲ್ಲಿ ಒಳ್ಳೆಯ ಗಂಡನಾಗುವ ಹುಕಿ ಹತ್ತಿ, ಡ್ರಾಯರಿನಲ್ಲಿ ವರ್ಷದಿಂದ ಮಲಗಿದ್ದ ಕ್ಯಾಮೆರಾ ತೆಗೆದು, ಗಾಜು ಒರೆಸಿ, ಪರದೆಯ ನೆತ್ತಿಗೆ ಸಿಕ್ಕಿಸಿ, ತಂತಿ ಚುಚ್ಚಿದ.

ಏನೂ ಆಗಲಿಲ್ಲ.

ಕಿತ್ತು ಇನ್ನೊಂದು ತೂತಿಗೆ ಚುಚ್ಚಿದ. ಊದಿದ. ಅಂಗಿಗೆ ಉಜ್ಜಿದ. ಪರದೆಯ ಮೇಲೆ ಕ್ಯಾಮೆರಾದ ಚೌಕ ಮಾತ್ರ ಕಾಡಿಗೆ ಡಬ್ಬಿಯಂತೆ ಕಪ್ಪಗೆ ಕೂತಿತ್ತು.

ರೋಗ ಅವನಿಗೆ ಗೊತ್ತಾಗದೇ ಇರಲಿಲ್ಲ. ಅಪ್‌ಡೇಟ್‌ನಲ್ಲಿ ಸಿಸ್ಟಮ್ಮಿನ ತಿರುಳೇ ಬದಲಾಗಿತ್ತು. ಒಲೆಯ ಮುಂದೆ ನಿಂತವನು ಹಳೇ ಅಡುಗೆಯವನೇ, ಆದರೆ ಕಪಾಟಿನ ಡಬ್ಬಿಗಳನ್ನೆಲ್ಲ ಹೊಸಬನ ಅಳತೆಗೆ ಬದಲಿಸಿಬಿಟ್ಟಿದ್ದಾರೆ. ಆಗಲೇ ಬೇಯುತ್ತಿರುವುದು ಬೇಯುತ್ತದೆ. ಹೊಸದಾಗಿ ಏನಾದರೂ ಕೇಳಿದರೆ ಅವನು ಖಾಲಿ ಕೈ ತೋರಿಸುತ್ತಾನೆ. ಮದ್ದು ಒಂದೇ. ಕಂಪ್ಯೂಟರನ್ನು ಒಮ್ಮೆ ಆರಿಸಿ ಹೊತ್ತಿಸುವುದು. ಹಳಬ ಹೋಗಿ ಹೊಸಬ ಬರುತ್ತಾನೆ.

ಅಪ್‌ಡೇಟಪ್ಪ ಆ ದಪ್ಪ ಅಕ್ಷರದ ಲೆಕ್ಕವನ್ನು ನೋಡಿದ. ಎಂಟು ತಿಂಗಳು! ಹೋಗಲಿ ಎಂದರೆ, ಎಂಟು ತಿಂಗಳು ಎಚ್ಚರವಿದ್ದದ್ದು ಒಮ್ಮೆ ಕಣ್ಣು ಮುಚ್ಚಿ ಮತ್ತೆ ತೆರೆಯದೇ ಹೋದರೆ? ಕ್ಯಾಮೆರಾ ಹೋಗಿ ಕಂಪ್ಯೂಟರೇ ಹೋಗುತ್ತದೆ. ಆಮೇಲೆ ಈ ಮನೆಯಿಂದ ತಾನೂ.

“ಅತ್ತೆ, ಇಲ್ಲೇ ಕೆಳಗೆ ಹೋಗ್ಬರ್ತೀನಿ. ಯಾರದಾದ್ರೂ ಲ್ಯಾಪ್‌ಟಾಪ್ ಒಂದು ಗಂಟೆ ಕೇಳಿ ತರ್ತೀನಿ.”

“ಹೋಗ್ಬನ್ನಿ ಅಳಿಯಂದ್ರೆ, ನಿಧಾನವಾಗಿ ಬನ್ನಿ,” ಎಂದರು ಅತ್ತೆ ಒಳಗಿನಿಂದ, ಬಹಳ ಉತ್ಸಾಹದಲ್ಲಿ.

ಮೇಷ್ಟ್ರ ಬಾಗಿಲು ತಟ್ಟಲು ಕೈ ಎತ್ತುವ ಮೊದಲೇ ಅದು ತೆರೆಯಿತು.

“ಬಾರಯ್ಯ ಅಪ್‌ಡೇಟಪ್ಪ, ಬಾ ಬಾ! ಕುರ್ಚಿ ಹಾಕಿಟ್ಟಿದ್ದೀನಿ, ಲ್ಯಾಪ್‌ಟಾಪ್ ಚಾರ್ಜ್ ಮಾಡಿಟ್ಟಿದ್ದೀನಿ.”

“ಅಲ್ಲ ಸಾರ್, ಅದನ್ನೇ ಒಂದು ಗಂಟೆ ಕೇಳೋಣ ಅಂತ...”

“ತಗೊಂಡು ಹೋಗು. ಹ್ಯಾಗೆ ಬಳಸ್ತೀಯಾ ನೋಡ್ತೀನಿ.”

ಮೇಷ್ಟ್ರ ಲ್ಯಾಪ್‌ಟಾಪು ಮೇಜಿನ ಅಂಚಿನಿಂದ ಬಾವಲಿಯಂತೆ ತಲೆಕೆಳಗಾಗಿ ನೇತಾಡುತ್ತಿತ್ತು. ಕೀಲಿಮಣೆಯ ಭಾಗವನ್ನು ಮೇಜಿಗೆ ಹಗ್ಗದಿಂದ ಬಿಗಿದಿದ್ದರು. ಎರಡು ತಿಂಗಳ ಹಿಂದೆ ಯಾವುದೋ ಅಪ್‌ಡೇಟ್ ಆದ ಬೆಳಗ್ಗೆ ಪರದೆಯಲ್ಲಿ ಎಲ್ಲವೂ ಬುಡಮೇಲಾಗಿ, ಅಂದಿನಿಂದ ಮೇಷ್ಟ್ರು ಹೀಗೆ ಓದುತ್ತಿದ್ದರು.

“ನಲವತ್ತು ವರ್ಷ ಮಕ್ಕಳ ಕಿವಿ ಹಿಂಡಿದ ಕೈ ಇದು,” ಎಂದರು ಮೇಷ್ಟ್ರು ಬಾಗಿಲಿಗೆ ಚಿಲಕ ಹಾಕಿ. “ಸರಿ ಮಾಡ್ತೀಯೋ, ಹಿಂಡ್ಲೋ?”

ಅಪ್‌ಡೇಟಪ್ಪ ನೆಲದ ಮೇಲೆ ಅಂಗಾತ ಮಲಗಿ, ಒಂದು ಸಾಲು ಬರೆದು, ಪರದೆಯನ್ನು ನೇರ ಮಾಡಿದ. ಮೇಷ್ಟ್ರು ಹಗ್ಗ ಬಿಚ್ಚಿ, ಲ್ಯಾಪ್‌ಟಾಪನ್ನು ಎದೆಗವಚಿಕೊಂಡರು.

“ಸಾರ್, ಈಗ ಒಂದೇ ಗಂಟೆ...”

“ಛೇ ಛೇ, ಎರಡು ತಿಂಗಳ ಓದು ಬಾಕಿ ಇದೆಯಪ್ಪಾ. ಡಾಕ್ಟರಮ್ಮನ್ನ ಕೇಳು. ಪಾಪ, ಕಾಯ್ತಾ ಇದ್ದಾರೆ.”

ಯಾರಿಗೆ ಕಾಯುತ್ತಿದ್ದಾರೆ ಎಂದು ಕೇಳುವಷ್ಟು ವ್ಯವಧಾನ ಅಪ್‌ಡೇಟಪ್ಪನಿಗಿರಲಿಲ್ಲ. ಎರಡೆರಡು ಮೆಟ್ಟಿಲು ಹಾರಿ ಮೇಲೆ ಓಡಿದ.

ಡಾಕ್ಟರಮ್ಮನ ಕುರ್ಚಿಯಲ್ಲಿ ಒಬ್ಬ ದಪ್ಪ ಮನುಷ್ಯ ಗುಹೆಯಂತೆ ಬಾಯಿ ತೆರೆದು ಮಲಗಿದ್ದ. ಬಾಯೊಳಗೆ ಹತ್ತಿ, ಕನ್ನಡಿ, ಒಂದು ಕೊಳವೆ.

“ಸರಿಯಾದ ಹೊತ್ತಿಗೆ ಬಂದ್ರಿ,” ಎಂದರು ಡಾಕ್ಟರಮ್ಮ, ಇಕ್ಕಳದಿಂದ ಅವನಿಗೇ ದಾರಿ ತೋರಿಸುತ್ತ. “ಎಕ್ಸ್‌ರೇ ತೆಗೀತೀನಿ, ಪರದೇಲಿ ಬರೋದೇ ಇಲ್ಲ. ಯಾವ ಹಲ್ಲು ಕೀಳ್ಬೇಕು ಅಂತ ಊಹೆ ಮೇಲೆ ಕೀಳ್ಲಾ?”

“ಆ! ಆ!” ಎಂದ ಕುರ್ಚಿಯವನು ಗಾಬರಿಯಿಂದ.

ಅಪ್‌ಡೇಟಪ್ಪ ಕೂತು ನೋಡಿದ. ಕೆದಕಿದ. ಬೆವರಿದ. ಕುರ್ಚಿಯವನು ಮಲಗಿದಲ್ಲಿಂದಲೇ ಕೈಯಾಡಿಸಿ, “ಆಇಇ ಒಇಇ!” ಎಂದು ಕೂಗತೊಡಗಿದ.

“ಆರಿಸಿ ಹೊತ್ತಿಸಿ ಅಂತಿದ್ದಾರೆ,” ಎಂದರು ಡಾಕ್ಟರಮ್ಮ. ಹತ್ತಿ ತುಂಬಿದ ಬಾಯಿಯ ಭಾಷೆ ಅವರಿಗೆ ತಾಯ್ನುಡಿಯಷ್ಟೇ ಸಲೀಸು.

ಆರಿಸಿ ಹೊತ್ತಿಸಿದ. ಪರದೆಯ ತುಂಬ ಹಲ್ಲುಗಳು ಝಗ್ಗೆಂದು ನಕ್ಕವು.

“ಇದನ್ನ ವಾರಕ್ಕೊಮ್ಮೆಯಾದ್ರೂ ಮಾಡ್ತಾ ಇರ್ಬೇಕು ಡಾಕ್ಟರಮ್ಮ,” ಎಂದ ಅಪ್‌ಡೇಟಪ್ಪ ತಜ್ಞನ ಗತ್ತಿನಲ್ಲಿ. “ಎಷ್ಟೋ ಜನಕ್ಕೆ ಇಷ್ಟು ಸಣ್ಣ ವಿಷಯ ತಿಳಿಯೋದಿಲ್ಲ ನೋಡಿ.”

ಆದರೆ ಅಷ್ಟು ಹೊತ್ತಿಗೆ ಹೊರಗೆ ಕೆನ್ನೆ ಊದಿಸಿಕೊಂಡ ನಾಲ್ವರು ಕೂತಿದ್ದರು. ಕಂಪ್ಯೂಟರು ಕೇಳಿದರೆ ಡಾಕ್ಟರಮ್ಮ ಅವನ ಹಲ್ಲನ್ನೇ ಕೇಳುವ ಹಾಗಿದ್ದರು. ಉಳಿದದ್ದು ಟೈಲರ್.

ಟೈಲರ್ ಕತ್ತರಿ ಕೆಳಗಿಟ್ಟು, ಕಪಾಟಿನಿಂದ ಒಂದು ಪೊಟ್ಟಣ ತೆಗೆದು ಮುಂದೆ ಸರಿಸಿದ. ಬಿಚ್ಚಿದರೆ ಅಂಗೈಯಗಲದ ಒಂದು ಪ್ಯಾಂಟು. ಜೇಬಿದೆ, ಬೆಲ್ಟಿನ ಪಟ್ಟಿಯಿದೆ, ಜಿಪ್ಪೂ ಇದೆ.

“ಏನಪ್ಪಾ ಇದು?”

“ನಿಮ್ದೇ ಸ್ವಾಮಿ. ನೀವು ಎರಡು ತಿಂಗಳ ಹಿಂದೆ ಕೊಟ್ಟ ಬಟ್ಟೆ. ಅಳತೆ ಕಂಪ್ಯೂಟರಿಗೆ ಹಾಕ್ದೆ, ನಿಮ್ಮ ಸಿಸ್ಟಂ ಇಷ್ಟುದ್ದದ ನಕ್ಷೆ ಪ್ರಿಂಟ್ ಮಾಡಿ ಕೊಡ್ತು. ಅದು ಹೇಳಿದ ಹಾಗೇ ಹೊಲ್ದಿದ್ದೀನಿ. ನಿಮ್ಮ ಸಿಸ್ಟಂ ಮಾತು ಮೀರೋಕ್ಕಾಗುತ್ತಾ?”

“ಮಿಕ್ಕ ಬಟ್ಟೆ?”

“ಪ್ರಿಂಟರ್ ಸರಿಯಾದ್ಮೇಲೆ ಮಿಕ್ಕ ಬಟ್ಟೆ.”

ಅಪ್‌ಡೇಟಪ್ಪ ಪ್ರಿಂಟರಿನ ಹೊಟ್ಟೆಯೊಳಗೆ ಕೈ ಹಾಕಿದ. ಮುಖದವರೆಗೂ ಮಸಿ ಮೆತ್ತಿತು. ಕೊನೆಗೊಮ್ಮೆ ಮನುಷ್ಯನ ಅಳತೆಯ ಕಾಲು ಕಾಗದದ ಮೇಲೆ ಇಳಿದು ಬಂದಾಗ ಗೋಡೆ ಗಡಿಯಾರ ಹನ್ನೊಂದೂವರೆ ದಾಟಿತ್ತು. ಕಂಪ್ಯೂಟರು ಕೇಳಲು ಬಾಯಿ ತೆರೆದ. ಟೈಲರಿನ ಕಂಪ್ಯೂಟರಿಗೆ ಕ್ಯಾಮೆರಾವೇ ಇರಲಿಲ್ಲ.

ಮಸಿ ಮುಖ, ಕೈಯಲ್ಲಿ ಗೊಂಬೆ ಪ್ಯಾಂಟು. ಅಪ್‌ಡೇಟಪ್ಪ ಮೆಟ್ಟಿಲು ಹತ್ತಿದ. ಹೆಂಡತಿಗೆ ಏನು ಹೇಳುವುದು? ಕ್ಯಾಮೆರಾ ಕೆಟ್ಟಿದೆ ಎನ್ನಲೇ? ಕಾಲು ಹಿಡಿಯಲೇ? ಇಲ್ಲ, ಎಂಟು ತಿಂಗಳೂ ಹಾಳಾಗಿ ಹೋಗಲಿ, ಆರಿಸಿ ಹೊತ್ತಿಸಿಯೇ ಬಿಡುವುದು. ಅವಳ ಕೆಲಸಕ್ಕಿಂತ ಅದು ದೊಡ್ಡದಲ್ಲ. ಬೆಳಗಿನಿಂದ ಅವನ ತಲೆಗೆ ಬಂದ ಮೊದಲ ಒಳ್ಳೆಯ ಯೋಚನೆ ಅದು. ಎದೆಯುಬ್ಬಿಸಿ ಒಳಗೆ ನುಗ್ಗಿದ.

ಪರದೆಯ ಮುಂದೆ ಅತ್ತೆ ಕಾಲು ಮಡಚಿ ಕೂತಿದ್ದರು. ಪರದೆಯೊಳಗೆ ಅತ್ತೆಯ ಅಕ್ಕ. ಮೂಲೆಯ ಸಣ್ಣ ಚೌಕದಲ್ಲಿ ಅತ್ತೆಯ ಮುಖ, ಕಿವಿಯೋಲೆಯ ಹರಳೂ ಎಣಿಸುವಷ್ಟು ಸ್ಪಷ್ಟ.

“ಅತ್ತೆ! ಕ್ಯಾಮೆರಾ... ಹ್ಯಾಗೆ?”

“ನಂಗೇನು ಗೊತ್ತು ಅಳಿಯಂದ್ರೆ. ಇಸ್ತ್ರಿ ಪೆಟ್ಟಿಗೆಗೆ ಪ್ಲಗ್ಗು ಬೇಕಿತ್ತು, ಕೆಳಗಿನ ಪೆಟ್ಟಿಗೇದು ಕಿತ್ತೆ. ಅದು ಕೀ ಕೀ ಅಂತ ಅಳೋಕ್ಕೆ ಶುರು ಮಾಡ್ತು. ಗುಂಡಿ ಒತ್ತಿ ಬಾಯಿ ಮುಚ್ಚಿಸ್ದೆ, ಕಂಪ್ಯೂಟರೂ ಆರಿಹೋಯ್ತು. ಸೀರೆಗಳ ಇಸ್ತ್ರಿ ಮುಗಿಸಿ ಮತ್ತೆ ಚುಚ್ಚಿ ಹೊತ್ತಿಸ್ದೆ. ಅಕ್ಕನ ಜೊತೆ ಹೀಗೆ ಮಾತಾಡೋದನ್ನ ಮೊಮ್ಮಗಳು ಹೇಳಿಕೊಟ್ಟಿದ್ಲು. ಬಂದ್ಬಿಟ್ಲು ನೋಡಿ, ಥಳಥಳ ಅಂತ!”

ಅಪ್‌ಡೇಟಪ್ಪನಿಗೆ ಅಳಬೇಕೋ ಅತ್ತೆಯ ಕಾಲಿಗೆ ಬೀಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಹೆಂಡತಿ ಒಳಗೆ ಬಂದಳು. ಹಿಂದೆಯೇ ಮೇಷ್ಟ್ರು, ಡಾಕ್ಟರಮ್ಮ, ಕೊರಳಲ್ಲಿ ಅಳತೆ ಪಟ್ಟಿ ನೇತುಹಾಕಿಕೊಂಡ ಟೈಲರ್.

“ಬಾ ಬಾ, ಬೇಗ ಕೂತ್ಕೋ! ಎಲ್ಲಾ ತಯಾರಿದೆ, ಕ್ಯಾಮೆರಾ ಬರ್ತಿದೆ,” ಎಂದ ಮಸಿ ಮುಖದಲ್ಲಿ ಹಲ್ಲಷ್ಟೇ ಬಿಳಿಯಾಗಿ. “ನಾನು ಏನೂ ಮುಟ್ಟಿಲ್ಲ.”

“ಯಾಕೆ ಕೂರ್ಲಿ?”

“ಇಂಟರ್ವ್ಯೂ!”

“ಅದು ಹೋದ ವಾರಾನೇ ಮುಗೀತಲ್ಲಾ. ಅಮ್ಮನ ಫೋನಲ್ಲೇ ಮುಗಿಸ್ದೆ,” ಎಂದಳು ಅವಳು, ಚೀಲ ಕೆಳಗಿಟ್ಟು. “ಕೆಲಸಾನೂ ಸಿಕ್ತು. ಕಂಪ್ಯೂಟರ್ ಕೆಟ್ಟವರ ಗೋಳನ್ನ ಫೋನಲ್ಲಿ ಕೇಳಿ ಸಮಾಧಾನ ಹೇಳೋ ಕೆಲಸ. ಅನುಭವ ಇದೆಯಾ ಅಂದ್ರು. ಎರಡು ತಿಂಗಳಿಂದ ಮೆಟ್ಟಿಲ ಮೇಲೆ ಮೂರು ಜನರದ್ದು ಕೇಳ್ತಾ ಇದ್ದೀನಿ ಅಂದೆ. ತಕ್ಷಣ ಒಪ್ಪಿಕೊಂಡ್ರು.”

“ಮತ್ತೆ ಇವತ್ತು ಹನ್ನೆರಡಕ್ಕೆ...?”

“ಇವರ ಮನೆಗೆ ಹೋಗಿ ಸರಿ ಮಾಡಿಕೊಡಿ ಅಂತ ಎಷ್ಟು ಸಲ ಹೇಳ್ದೆ? ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಓಡಾಡಿದ್ರೇ ಹೊರತು ಹೋದ್ರಾ? ಅದಕ್ಕೇ ಇವತ್ತು ಮುಟ್ಬೇಡಿ ಅಂದೆ. ಮುಟ್ತೀರ, ಕೆಡ್ಸ್ತೀರ, ಇನ್ನೊಂದು ಕಂಪ್ಯೂಟರಿಗೆ ಇವರ ಮನೆಗೇ ಓಡ್ತೀರ. ಬರ್ತಾರೆ, ಕಾಯ್ತಾ ಇರಿ ಅಂತ ನಿನ್ನೇನೇ ಎಲ್ಲರಿಗೂ ಹೇಳಿಟ್ಟಿದ್ದೆ.”

ಮೇಷ್ಟ್ರು ಛಾವಣಿ ನೋಡಿದರು. ಡಾಕ್ಟರಮ್ಮ ಇಕ್ಕಳ ಒರೆಸಿದರು. ಅತ್ತೆಗೆ ಬೆಳಗಿನ ಕೆಮ್ಮು ಮರುಕಳಿಸಿತು.

“ಹಾಗಾದ್ರೆ,” ಎಂದ ಅಪ್‌ಡೇಟಪ್ಪ, ಮುಳುಗುತ್ತಿರುವವನು ಕೈಗೆ ಸಿಕ್ಕಿದ್ದನ್ನು ಹಿಡಿದಂತೆ, “ಒಂದು ವೇಳೆ ನಾನು ಮುಟ್ಟದೇ ಇದ್ದಿದ್ರೆ? ಮಾತು ಕೊಟ್ಟ ಹಾಗೆ ಸುಮ್ನೆ ಕೂತಿದ್ದಿದ್ರೆ? ಆಗೇನ್ಮಾಡ್ತಿದ್ದೆ?”

ಹೆಂಡತಿ ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು ಡಾಕ್ಟರಮ್ಮನ ಮುಖ ನೋಡಿದರು. ಅವರು ಟೈಲರಿನ ಮುಖ ನೋಡಿದರು. ಪರದೆಯೊಳಗಿದ್ದ ಅತ್ತೆಯ ಅಕ್ಕನೂ ಹುಬ್ಬು ಗಂಟಿಕ್ಕಿ ಯೋಚಿಸತೊಡಗಿದರು.

“ಹೌದಲ್ವಾ,” ಎಂದಳು ಹೆಂಡತಿ ನಿಜಕ್ಕೂ ಬೆರಗಾಗಿ. “ಅದು ನಮ್ಮಲ್ಲಿ ಒಬ್ಬರಿಗೂ ಹೊಳೀಲೇ ಇಲ್ಲ ನೋಡಿ!”

ನಗುತ್ತ ನಗುತ್ತ ಎಲ್ಲರೂ ಹೋದರು. ಅತ್ತೆಯ ಅಕ್ಕನೂ ಹೋದರು. “ಸೋಮವಾರದಿಂದ ಇದರಲ್ಲೇ ನನ್ನ ಕೆಲಸ. ಆಮೇಲೆ ಮುಟ್ಟಿದ್ರೆ ಇದೆ ನಿಮಗೆ,” ಎಂದು ಹೆಂಡತಿ ಅಡುಗೆಮನೆಗೆ ಹೋದಳು. ಅಪ್‌ಡೇಟಪ್ಪ ಒಬ್ಬನೇ ಪರದೆಯ ಮುಂದೆ ಕೂತ. ಎಂಟು ತಿಂಗಳು ಇದ್ದ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ಹತ್ತೊಂಬತ್ತು ನಿಮಿಷ ಎಂದಿತ್ತು.

ಇರಲಿ. ಎಂಟು ತಿಂಗಳೂ ಒಂದು ಕಾಲಕ್ಕೆ ಹತ್ತೊಂಬತ್ತು ನಿಮಿಷವೇ ಆಗಿತ್ತಲ್ಲವೇ? ಹೀಗೆ ಸಮಾಧಾನ ಮಾಡಿಕೊಳ್ಳುತ್ತಿದ್ದಂತೆ ಅದು ಇಪ್ಪತ್ತಾಯಿತು. ಅವನ ಮುಖದಲ್ಲಿ ಮೆಲ್ಲಗೆ ಕಳೆ ಬಂತು.

ಅಷ್ಟರಲ್ಲಿ ಅತ್ತೆ ಇಸ್ತ್ರಿ ಪೆಟ್ಟಿಗೆ ಹಿಡಿದು ಒಳಗೆ ಬಂದರು.

“ಸ್ವಲ್ಪ ಕಾಲೆತ್ತಿ ಅಳಿಯಂದ್ರೆ. ಇನ್ನೂ ನಾಲ್ಕು ದಿಂಬಿನ ಕವರು ಬಾಕಿ ಇವೆ.”

ಮೇಜಿನಡಿಯಲ್ಲಿ ಪೆಟ್ಟಿಗೆ ಕೀ ಕೀ ಎಂದು ಅಳತೊಡಗಿತು.